ಎತ್ತಿದ ಕಸಕ್ಕೊಂದು ಲೆಕ್ಕ: 100 ಮೀಟರ್ ಕಡಲದಂಡೆಯಲ್ಲಿ ಪ್ಲಾಸ್ಟಿಕ್ ಗಣತಿ ನಡೆಸುವ ಕ್ರಮ

ಕಾರವಾರದಿಂದ ಸೋಮೇಶ್ವರದವರೆಗೆ ಕಡಲತೀರ ಸ್ವಚ್ಛಗೊಳಿಸುವ ಕಾರ್ಯಕ್ರಮಗಳು ಈಗ ಅಪರೂಪವೇನಲ್ಲ. ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು, ಊರಿನ ಯುವಕ ಮಂಡಲಗಳು, ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ನೌಕರರ ತಂಡಗಳು ಗೋಣಿಚೀಲ ಹಿಡಿದು ಬೆಳಿಗ್ಗೆ ದಂಡೆಗೆ ಇಳಿಯುತ್ತವೆ, ಮಧ್ಯಾಹ್ನದೊಳಗೆ ಚೀಲಗಳ ರಾಶಿಯ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತವೆ. ಕೆಲವು ಉಬ್ಬರಗಳು ಬಂದು ಹೋಗುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಬಗೆಯ ಕಸ ಮತ್ತೆ ಬಿದ್ದಿರುತ್ತದೆ. ಎತ್ತುವ ಕೆಲಸ ವ್ಯರ್ಥವೆಂದು ಇದರ ಅರ್ಥವಲ್ಲ. ಆದರೆ ಯಾವ ವಸ್ತು, ಎಷ್ಟು, ಯಾವ ತಿಂಗಳಲ್ಲಿ, ಯಾವ ದಿಕ್ಕಿನಿಂದ ಬಂದಿತು ಎಂಬುದನ್ನು ಬರೆದಿಡದಿದ್ದರೆ, ಆ ಕಸ ಕಡಲಿಗೆ ಸೇರುವ ಜಾಗದಲ್ಲೇ ಅದನ್ನು ತಡೆಯಿರಿ ಎಂದು ಪಂಚಾಯಿತಿಯ ಮುಂದಾಗಲಿ, ಕಂಪನಿಯ ಮುಂದಾಗಲಿ ಕೇಳಲು ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಲೆಕ್ಕ ಇಟ್ಟವರು ಏನು ಸಾಧಿಸಬಹುದು ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಲಿಂಡಾ ಮರಾನಿಸ್ ಎಂಬವರು ಸ್ವಯಂಸೇವಕರನ್ನು ಸೇರಿಸಿ ಕಸ ಎತ್ತಿಸಿದಾಗ, ಎತ್ತಿದ ಪ್ರತಿಯೊಂದು ವಸ್ತುವನ್ನೂ ಪಟ್ಟಿಯಲ್ಲಿ ಬರೆಸಿದರು. ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ನಡೆಯುವ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಬೆಳೆದದ್ದು ಆ ಪಟ್ಟಿಯಿಂದಲೇ. ಎರಡನೆಯದು ಯುರೋಪಿನದು. ಅಲ್ಲಿನ ತೀರಗಳಲ್ಲಿ ವರ್ಷಗಟ್ಟಲೆ ನಡೆದ ಎಣಿಕೆಗಳಲ್ಲಿ ಅತಿ ಹೆಚ್ಚು ಸಿಕ್ಕ ಹತ್ತು ಬಗೆಯ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳನ್ನೂ ಮೀನುಗಾರಿಕೆಯ ಸಲಕರಣೆಗಳನ್ನೂ ಗುರಿಯಾಗಿಟ್ಟುಕೊಂಡು ಯುರೋಪಿಯನ್ ಒಕ್ಕೂಟವು 2019ರಲ್ಲಿ ನಿರ್ದೇಶನ ಹೊರಡಿಸಿತು. ಅದರ ಫಲವಾಗಿ 2024ರ ಜುಲೈಯಿಂದ ಅಲ್ಲಿ ಮಾರಾಟವಾಗುವ ಪಾನೀಯದ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ತೆರೆದ ಮೇಲೂ ಬಾಟಲಿಗೇ ಅಂಟಿಕೊಂಡಿರಬೇಕು. ಮರಳಿನಲ್ಲಿ ಕುಳಿತು ಮುಚ್ಚಳ ಎಣಿಸಿದವರ ಕೆಲಸ ಕಾರ್ಖಾನೆಯ ಅಚ್ಚನ್ನೇ ಬದಲಾಯಿಸಿತು.

ಜಾಗ ಮತ್ತು ದಿನ

ಇಡೀ ಕಡಲತೀರವನ್ನು ಹಿಡಿಯಲು ಹೋಗಬೇಡಿ. 100 ಮೀಟರ್ ಉದ್ದದ ಒಂದು ತುಂಡು ಸಾಕು. ಹಲವು ದೇಶಗಳ ತೀರ ಸಮೀಕ್ಷೆಗಳು ಇದೇ ಅಳತೆಯನ್ನು ಬಳಸುತ್ತವೆ. ಅಗಲವು ನೀರಿನ ಅಂಚಿನಿಂದ ಹಿಂದಿನ ಅಡುಂಬು ಬಳ್ಳಿ, ಗಾಳಿಮರ ಅಥವಾ ತಡೆಗೋಡೆ ಶುರುವಾಗುವ ತನಕ ಇರಲಿ. ಎರಡೂ ತುದಿಗಳಿಗೆ ಕದಲದ ಗುರುತು ಬೇಕು. ಕಲ್ಲು, ಕಂಬ ಅಥವಾ ಕಟ್ಟಡದ ಮೂಲೆಯನ್ನು ಆರಿಸಿ, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶಗಳನ್ನೂ ದಾಖಲಿಸಿಕೊಳ್ಳಿ. ಪಂಚಾಯಿತಿಯವರೋ ರೆಸಾರ್ಟಿನವರೋ ದಿನವೂ ಗುಡಿಸುವ ಜಾಗ ಈ ಕೆಲಸಕ್ಕೆ ಒಗ್ಗುವುದಿಲ್ಲ. ಹೊನ್ನಾವರದ ಕಾಸರಕೋಡು ಹಾಗೂ ಪಡುಬಿದ್ರಿಯ ನೀಲಿ ಬಾವುಟದ (ಸ್ವಚ್ಛ ತೀರಗಳಿಗೆ ಸಿಗುವ ಅಂತಾರಾಷ್ಟ್ರೀಯ ಮಾನ್ಯತೆ) ತೀರಗಳು ನೋಡಲು ಚೆಂದ, ಆದರೆ ಅಲ್ಲಿನ ಎಣಿಕೆ ಗುಡಿಸುವವರ ಶ್ರದ್ಧೆಯನ್ನು ತೋರಿಸೀತೇ ಹೊರತು ಕಡಲಿನ ಸ್ಥಿತಿಯನ್ನಲ್ಲ. ಅಳಿವೆಬಾಗಿಲಿನ ಸಮೀಪ ಒಂದು ತುಂಡು, ಅಲ್ಲಿಂದ ಕೆಲವು ಕಿಲೋಮೀಟರ್ ದೂರದಲ್ಲಿ ಇನ್ನೊಂದು ತುಂಡು ಇಟ್ಟುಕೊಂಡರೆ ನದಿ ತರುವುದೆಷ್ಟು, ಕಡಲು ತರುವುದೆಷ್ಟು ಎಂಬ ಅಂದಾಜು ಸಿಗುತ್ತದೆ.

ತಿಂಗಳಿಗೊಮ್ಮೆ ಎಣಿಸುವುದಾದರೆ ಪ್ರತಿ ಸಲವೂ ಒಂದೇ ತಿಥಿಯ ಆಸುಪಾಸಿನಲ್ಲಿ ಹೋಗಿ. ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರ ದಂಡೆಯನ್ನು ಹೆಚ್ಚು ಏರುತ್ತದೆ, ಅಷ್ಟಮಿಯ ಸುಮಾರಿಗೆ ಕಡಿಮೆ ಏರುತ್ತದೆ. ಒಂದು ತಿಂಗಳು ಹುಣ್ಣಿಮೆಯ ಮರುದಿನ, ಮುಂದಿನ ತಿಂಗಳು ಅಷ್ಟಮಿಯಂದು ಎಣಿಸಿದರೆ ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಲು ಬರುವುದಿಲ್ಲ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇಳಿತಕ್ಕೆ ಒಂದು ಗಂಟೆ ಮೊದಲೇ ಇಳಿದರೆ ಒದ್ದೆ ಮರಳಿನ ಭಾಗವೂ ನಿಮ್ಮ ಲೆಕ್ಕಕ್ಕೆ ಸಿಗುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಕಡಲು ಅತಿ ಹೆಚ್ಚು ಕಸ ಹಿಂದಿರುಗಿಸುತ್ತದೆ, ಆದರೆ ಆಗಿನ ಅಲೆ ನಂಬತಕ್ಕದ್ದಲ್ಲ. ಅಬ್ಬರ ಹೆಚ್ಚಿದ್ದ ದಿನ ಎಣಿಕೆಯನ್ನು ಬಿಟ್ಟುಬಿಡಿ, ಬಿಟ್ಟದ್ದನ್ನು ಪುಸ್ತಕದಲ್ಲಿ ಬರೆಯಿರಿ.

ಮೊದಲ ಎಣಿಕೆಯನ್ನು ನೋಡಿ ಯಾರೂ ಗಾಬರಿಯಾಗಬಾರದು. ಅದು ವರ್ಷಗಳಿಂದ ಕೂಡಿಬಿದ್ದ ರಾಶಿ. ಆ ದಿನ ದಂಡೆಯನ್ನು ಪೂರ್ತಿ ಬರಿದು ಮಾಡಿದರೆ, ಎರಡನೆಯ ಸಲ ಸಿಗುವುದು ನಡುವಿನ ಅವಧಿಯಲ್ಲಿ ಹೊಸದಾಗಿ ಬಂದದ್ದು. ನಿಜವಾದ ಲೆಕ್ಕ ಅಲ್ಲಿಂದ ಶುರು.

ಎಣಿಸುವುದು

ಹತ್ತು ಜನರಿಗೆ 100 ಮೀಟರ್ ಧಾರಾಳ. ಇಬ್ಬರು ಬರೆಯಲಿ, ಉಳಿದವರು ಸಾಲಾಗಿ ನಿಂತು ದಂಡೆಗೆ ಅಡ್ಡಲಾಗಿ ನಡೆಯಲಿ. ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಅಥವಾ ಬೂಟು, ಟೊಪ್ಪಿ, ಸೆಣಬಿನ ಗೋಣಿ, ಸೂಜಿ ಮತ್ತು ಒಡೆದ ಗಾಜಿಗೆ ಮುಚ್ಚಳವಿರುವ ಗಟ್ಟಿ ಡಬ್ಬಿ, ಹಳೆಯ ಬಲೆ ಕತ್ತರಿಸಲು ಕತ್ತಿ, ಸ್ಪ್ರಿಂಗ್ ತಕ್ಕಡಿ ಇಷ್ಟು ಬೇಕಾದೀತು. ನೀರಿನ ಕ್ಯಾನ್ ಮತ್ತು ಸ್ಟೀಲ್ ಲೋಟ ಒಯ್ಯಿರಿ. ಪ್ಲಾಸ್ಟಿಕ್ ವಿರೋಧಿ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಬ್ಯಾನರ್ ಕಟ್ಟಿ, ಬಂದವರಿಗೆಲ್ಲ ಸಣ್ಣ ನೀರಿನ ಬಾಟಲಿ ಹಂಚುವ ಸಂಘಟಕರು ಈಗಲೂ ಇದ್ದಾರೆ. ಕರ್ನಾಟಕವು 2016ರಲ್ಲೇ ಫ್ಲೆಕ್ಸ್ ನಿಷೇಧಿಸಿದೆ ಎಂಬುದನ್ನು ಅವರಿಗೆ ಮೆಲ್ಲಗೆ ನೆನಪಿಸಬಹುದು.

ವಸ್ತುಗಳನ್ನು ಮೂಲಪದಾರ್ಥದ ಹೆಸರಿನಿಂದ ಬರೆಯದೆ ಬಳಕೆಯ ಹೆಸರಿನಿಂದ ಬರೆಯಿರಿ. "ಗಟ್ಟಿ ಪ್ಲಾಸ್ಟಿಕ್: 212" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಬಾಟಲಿ, ಬಾಟಲಿಯ ಮುಚ್ಚಳ, ಹಾಲಿನ ಪ್ಯಾಕೆಟ್, ಗುಟ್ಕಾ ಮತ್ತು ಶಾಂಪೂ ಸ್ಯಾಶೆ, ತಿಂಡಿಯ ಪ್ಯಾಕೆಟ್, ಸ್ಟ್ರಾ, ಲೋಟ ತಟ್ಟೆ, ಕೈಚೀಲ, ಚಪ್ಪಲಿ, ಮೀನಿನ ಥರ್ಮಾಕೋಲ್ ಪೆಟ್ಟಿಯ ಚೂರು, ಬಲೆಯ ತುಂಡು, ಹಗ್ಗ, ಬಲೆಯ ತೇಲುಬುರುಡೆ, ಡಯಾಪರ್, ಔಷಧಿಯ ವಸ್ತು, ಗುರುತು ಸಿಗದ ಚೂರು ಎಂದು ಒಂದೊಂದಕ್ಕೂ ಸಾಲು ಇರಲಿ. ಅರ್ಧಕ್ಕಿಂತ ಹೆಚ್ಚು ಉಳಿದಿರುವ ವಸ್ತುವನ್ನು ಅದರ ಹೆಸರಿನಲ್ಲಿ, ಅದಕ್ಕಿಂತ ಕಡಿಮೆ ಇದ್ದರೆ ಚೂರಿನ ಸಾಲಿನಲ್ಲಿ ಹಾಕುವ ನಿಯಮ ಇಟ್ಟುಕೊಳ್ಳಬಹುದು. ನಿಯಮ ಯಾವುದಾದರೂ ಸರಿ, ನಡುವೆ ಬದಲಾಯಿಸಬಾರದು. ಸುಮಾರು 2.5 ಸೆಂಟಿಮೀಟರಿಗಿಂತ ಚಿಕ್ಕದನ್ನು ಮೊದಲ ವರ್ಷ ಎಣಿಸಲು ಹೋದರೆ ತಂಡ ಸೋತುಹೋಗುತ್ತದೆ.

ತೂಕವನ್ನು ನಂಬಬೇಡಿ. ಮರಳು ತುಂಬಿದ ಒಂದು ಒದ್ದೆ ಬಲೆ ಸಾವಿರಾರು ಸ್ಯಾಶೆಗಳನ್ನು ಮೀರಿಸುತ್ತದೆ. ಪತ್ರಿಕೆಗಳಲ್ಲಿ ಬರುವ "ಇಷ್ಟು ಟನ್ ಕಸ ತೆರವು" ಎಂಬ ಸುದ್ದಿಗಳಿಂದ ಸಾಗಣೆಗೆ ಎಷ್ಟು ವಾಹನ ಬೇಕೆಂಬುದು ತಿಳಿಯುತ್ತದೆ, ಹೆಚ್ಚೇನಿಲ್ಲ. ಎಣಿಕೆಗೂ ಅದರದೇ ಮಿತಿಯಿದೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಆದ್ದರಿಂದ ಮುಚ್ಚಳ ಕಳಚಿ ನೀರು ತುಂಬಿದ ಬಾಟಲಿ ಮುಳುಗುತ್ತದೆ. ಮುಚ್ಚಳದ ಪಾಲಿಪ್ರೊಪಿಲೀನ್ ಅಥವಾ ಪಾಲಿಥಿಲೀನ್ ನೀರಿಗಿಂತ ಹಗುರ, ತೇಲುತ್ತ ದಡ ಸೇರುತ್ತದೆ. ನೈಲಾನ್ ಬಲೆಯೂ ಮುಳುಗುವ ಗುಂಪಿಗೇ ಸೇರಿದ್ದು. ಆದುದರಿಂದ ದಂಡೆಯಲ್ಲಿ ಬಾಟಲಿಗಳಿಗಿಂತ ಮುಚ್ಚಳಗಳು ಹಲವು ಪಟ್ಟು ಸಿಕ್ಕಿದರೆ ಉಳಿದ ಬಾಟಲಿಗಳಲ್ಲಿ ಒಂದಷ್ಟು ತಳದಲ್ಲಿವೆ ಎಂದು ಶಂಕಿಸಬೇಕು.

ಪ್ಯಾಕೆಟ್ಟುಗಳನ್ನು ಬೇರೆಯಾಗಿ ಹರಡಿಕೊಂಡು ಓದುವುದಕ್ಕೆ ಅರ್ಧ ಗಂಟೆ ಮೀಸಲಿಡಿ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿವಳಿಕೆ ಕೊಡುವ ಭಾಗವೆಂದು ಕಾಣುವುದು ಇದೇ. ಕಂಪನಿಯ ಹೆಸರು, ತಯಾರಾದ ದಿನಾಂಕ, ಅದರ ಮೇಲಿರುವ ಲಿಪಿ ಇವು ಮೂರನ್ನು ಬರೆದುಕೊಳ್ಳಿ. ದಿನಾಂಕವು ಆ ಪ್ಯಾಕೆಟ್ ಎಷ್ಟು ಹಳೆಯದಿರಬಹುದು ಎಂಬುದನ್ನು ಹೇಳುತ್ತದೆ. ಲಿಪಿ ಬಂದ ದಿಕ್ಕಿನ ಸುಳಿವು ಕೊಡುತ್ತದೆ. ಭಾರತದ ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತದೆ. ಹೀಗಾಗಿ ಡಿಸೆಂಬರಿನಲ್ಲಿ ಮಲಯಾಳದ ಅಕ್ಷರಗಳಿರುವ ಪ್ಯಾಕೆಟ್ಟುಗಳು, ಮಳೆಗಾಲದಲ್ಲಿ ಮರಾಠಿಯವು ಹೆಚ್ಚಾದರೆ ಪ್ರವಾಹದ ಪಾತ್ರವಿದೆ ಎಂದು ಊಹಿಸಬಹುದು. ಹಾಗೆಂದು ನೆರೆಯವರ ಮೇಲೆ ಹೊಣೆ ಹೊರಿಸುವ ಆತುರ ಬೇಡ. ನಮ್ಮ ಕಸವೂ ಅದೇ ನೀರಿನಲ್ಲಿ ಅವರ ದಂಡೆಗೆ ಹೋಗುತ್ತಿರುತ್ತದೆ, ಅಲ್ಲದೆ ಪ್ರವಾಸಿಗಳೂ ಹೊರರಾಜ್ಯದ ದೋಣಿಗಳೂ ಪ್ಯಾಕೆಟ್ ತಂದು ಬಿಸಾಡಿರಬಹುದು.

ಸಬ್ಬಕ್ಕಿಯಂಥ ಬಿಳಿಯ ಕಾಳುಗಳು ಉಬ್ಬರದ ಗೆರೆಯಲ್ಲಿ ಕಂಡರೆ ಅದು ಬೇರೆಯೇ ವಿಷಯ. ಅವು ಪ್ಲಾಸ್ಟಿಕ್ ವಸ್ತು ತಯಾರಿಸುವ ಕಚ್ಚಾ ಕಾಳು. 2021ರಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿದ್ದಾಗ ಶ್ರೀಲಂಕಾದ ತೀರಗಳು ಇವುಗಳಿಂದ ತುಂಬಿಹೋದವು. 2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದ ಮೇಲೆ ಕೇರಳದ ದಕ್ಷಿಣ ತೀರಗಳಿಗೂ ಬಂದವು. ಕಂಡ ದಿನ, ಜಾಗ, ಫೋಟೊ ದಾಖಲಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ.

ಮುಟ್ಟಬಾರದ್ದು

ಕೊಳೆತ ಮರದ ದಿಮ್ಮಿ, ಪಾಚಿ, ಚಿಪ್ಪುಗಳು ಕಸವಲ್ಲ. ಅಡುಂಬು ಬಳ್ಳಿಯಲ್ಲಿ ಸಿಕ್ಕ ಪ್ಲಾಸ್ಟಿಕ್ಕನ್ನು ಕೈಯಿಂದ ಬಿಡಿಸಬೇಕು, ಬಳ್ಳಿಯನ್ನು ಕೀಳಬಾರದು. ಮರಳನ್ನು ಹಿಡಿದಿಟ್ಟಿರುವುದೇ ಅದು. ಜೆಸಿಬಿ ತರಿಸುವ ಸಲಹೆ ಯಾರಾದರೂ ಕೊಡುತ್ತಾರೆ, ಒಪ್ಪಬೇಡಿ. ಚಳಿಗಾಲದಲ್ಲಿ ಕಡಲಾಮೆಗಳು ನಮ್ಮ ದಂಡೆಗಳಲ್ಲಿ ಮೊಟ್ಟೆ ಇಡುತ್ತವೆ, ಯಂತ್ರದ ಚಕ್ರಕ್ಕೆ ಗೂಡು ಕಾಣುವುದಿಲ್ಲ. ಬಲೆಯಲ್ಲಿ ಸಿಕ್ಕ ಜೀವಂತ ಆಮೆ ಕಂಡರೆ ರೆಕ್ಕೆ ಹಿಡಿದು ಎಳೆಯದೆ, ನೆರಳು ಮಾಡಿ ಅರಣ್ಯ ಇಲಾಖೆಯನ್ನು ಕರೆಯಿರಿ. ಮೊಹರಾದ ಡ್ರಮ್ಮು, ಸಿಲಿಂಡರ್, ಹಡಗಿನ ಸಂಕೇತದ ಪಟಾಕಿಗಳಂಥವನ್ನು ಮುಟ್ಟದೆ ದೂರ ಸರಿದು, ಕರಾವಳಿ ಕಾವಲು ಪೊಲೀಸರಿಗೆ ಅಥವಾ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗೆ ತಿಳಿಸಿ.

ಎತ್ತಿದ ಮೇಲೆ ಎಲ್ಲಿಗೆ?

ಈ ಪ್ರಶ್ನೆಗೆ ಉತ್ತರ ಸಿಗುವ ತನಕ ದಿನಾಂಕ ಗೊತ್ತುಮಾಡಬೇಡಿ. ಮುಂಬೈಯ ವರ್ಸೋವಾದಲ್ಲಿ ವಕೀಲ ಅಫ್ರೋಜ್ ಶಾ ಅವರು 2015ರ ಅಕ್ಟೋಬರಿನಲ್ಲಿ ಒಬ್ಬ ವೃದ್ಧ ನೆರೆಯವರೊಂದಿಗೆ ಆರಂಭಿಸಿದ ಕೆಲಸ ಜಗತ್ತಿಗೇ ಗೊತ್ತು. ವಿಶ್ವಸಂಸ್ಥೆಯು 2016ರಲ್ಲಿ ಅವರಿಗೆ ಪರಿಸರ ಪ್ರಶಸ್ತಿ ನೀಡಿತು, 2018ರ ಮಾರ್ಚಿನಲ್ಲಿ ಅಲ್ಲಿ ಆಮೆಮರಿಗಳು ಕಂಡವು. ಅಂಥ ಕೆಲಸವೂ 2017ರ ನವೆಂಬರಿನಲ್ಲಿ ಕೆಲಕಾಲ ನಿಂತಿತ್ತು, ಅದಕ್ಕೆ ಒಂದು ಕಾರಣ ಎತ್ತಿದ ಕಸ ಸಾಗದೆ ಬಿದ್ದಿದ್ದುದು. ದಂಡೆಯ ಮೇಲೆ ಕಟ್ಟಿಟ್ಟ ಚೀಲವನ್ನು ನಾಯಿಗಳು ಹರಿಯುತ್ತವೆ, ಮುಂದಿನ ದೊಡ್ಡ ಉಬ್ಬರ ಅದನ್ನು ಒಯ್ಯುತ್ತದೆ.

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಈ ವಿಷಯದಲ್ಲಿ ಸ್ವಲ್ಪ ಅನುಕೂಲವಿದೆ. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಒಣಕಸ ವಿಂಗಡಿಸುವ ಘಟಕಗಳಿವೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ, ಹಲವು ಪಂಚಾಯಿತಿಗಳಿಗೆ ಸೇರಿದ ದೊಡ್ಡ ಘಟಕವಿದೆ. ಪಿಡಿಒ ಅವರನ್ನು ಮುಂಚಿತವಾಗಿ ಕಂಡು, ವಾಹನ ಎಷ್ಟು ಹೊತ್ತಿಗೆ ಬರುತ್ತದೆ, ಘಟಕ ಯಾವುದನ್ನು ತೆಗೆದುಕೊಳ್ಳುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮರಳು ಕೊಡವಿ, ಒಣಗಿಸಿದ ಬಾಟಲಿ ಮತ್ತು ಮುಚ್ಚಳಗಳನ್ನು ಗುಜರಿಯವರು ಒಯ್ದಾರು. ಉಪ್ಪು, ಬಿಸಿಲಿಗೆ ಸವೆದು ಮುಟ್ಟಿದರೆ ಮುರಿಯುವ ಪ್ಲಾಸ್ಟಿಕ್ಕಿಗೆ ಬೆಲೆಯಿಲ್ಲ. ಹಲವು ಪದರಗಳ ತಿಂಡಿ ಪ್ಯಾಕೆಟ್ಟುಗಳಿಗೆ ಸದ್ಯಕ್ಕೆ ಇರುವ ಮುಖ್ಯ ದಾರಿ ಸಿಮೆಂಟ್ ಕಾರ್ಖಾನೆಯ ಕುಲುಮೆ. ಡಯಾಪರ್ ಮತ್ತು ಸೂಜಿಗಳನ್ನು ಬೇರೆಯಾಗಿ ಕಟ್ಟಿ, ಮೇಲೆ ಗುರುತು ಬರೆದು ಒಪ್ಪಿಸಬೇಕು. ದಂಡೆಯಲ್ಲೇ ಬೆಂಕಿ ಹಚ್ಚುವುದು ಮಾತ್ರ ಖಂಡಿತ ಬೇಡ.

ಬಲೆಯ ತುಂಡುಗಳ ಸಂಖ್ಯೆ ನಿಮ್ಮ ಪಟ್ಟಿಯಲ್ಲಿ ಮೇಲಿದ್ದರೆ ಬಂದರಿಗೆ ಹೋಗಿ ಮಾತನಾಡಿ, ಆದರೆ ದೂರುವ ಧಾಟಿಯಲ್ಲಲ್ಲ. ಬಲೆ ಕಳೆದುಕೊಳ್ಳುವುದು ಮೀನುಗಾರನಿಗೆ ದೊಡ್ಡ ನಷ್ಟ; ದಂಡೆಗೆ ಬರುವುದರಲ್ಲಿ ಬಲೆ ದುರಸ್ತಿ ಮಾಡುವಾಗ ಕತ್ತರಿಸಿ ಬಿಟ್ಟ ಸಣ್ಣ ತುಂಡುಗಳೂ ಇರುತ್ತವೆ. ಬಲೆ ದುರಸ್ತಿ ಮಾಡುವ ಜಾಗದಲ್ಲಿ ಒಂದು ಪೀಪಾಯಿ ಇಡಿಸಿ, ಅದನ್ನು ವಾರಕ್ಕೊಮ್ಮೆ ಖಾಲಿ ಮಾಡುವ ಹೊಣೆ ಯಾರದೆಂದು ತೀರ್ಮಾನವಾದರೆ ಆ ಸಾಲಿನ ಸಂಖ್ಯೆ ಇಳಿಯುತ್ತದೆಯೇ ಎಂದು ನೋಡಬಹುದು. ಕೇರಳದ ಕೊಲ್ಲಂ ಬಳಿಯ ಶಕ್ತಿಕುಳಂಗರದಲ್ಲಿ 2017ರಲ್ಲಿ ಆರಂಭವಾದ ಶುಚಿತ್ವ ಸಾಗರಂ ಯೋಜನೆಯಲ್ಲಿ ಮೀನುಗಾರರು ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಮತ್ತೆ ಕಡಲಿಗೆ ಎಸೆಯದೆ ಬಂದರಿಗೆ ತಂದರು. ಅದನ್ನು ತೊಳೆದು, ಪುಡಿಮಾಡಿ, ರಸ್ತೆಯ ಡಾಂಬರಿಗೆ ಸೇರಿಸಲಾಯಿತು. ನಮ್ಮ ಮೀನುಗಾರರ ಸಹಕಾರ ಸಂಘಗಳೊಂದಿಗೆ ಇಂಥ ಮಾತುಕತೆಗೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿ ತಕ್ಕದ್ದು, ದೋಣಿಗಳೂ ಜನರೂ ದಡದಲ್ಲೇ ಇರುತ್ತಾರೆ.

ಸ್ಟ್ರಾ, ಲೋಟ, ತಟ್ಟೆ, ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್‌ಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿತ. ಇವುಗಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಗುರುತು ಹಾಕಿ, ಆರು ತಿಂಗಳ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಗ್ರಾಮಸಭೆಗೆ ಒಯ್ಯಿರಿ. ಹಾಳೆಯಲ್ಲಿ ಒಂದೇ ಒಂದು ಬೇಡಿಕೆ ಇರಲಿ. "ಪ್ಲಾಸ್ಟಿಕ್ ಮುಕ್ತ ಗ್ರಾಮ ಮಾಡಿ" ಎಂದರೆ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಾರೆ. ಜಾತ್ರೆಯ ಮರುವಾರದ ಎಣಿಕೆಯಲ್ಲಿ ಲೋಟಗಳು ಏರಿದ್ದನ್ನು ತೋರಿಸಿ, ಮುಂದಿನ ಜಾತ್ರೆಯಲ್ಲಿ ಪಾನಕಕ್ಕೆ ಸ್ಟೀಲ್ ಲೋಟ ಕೊಡಿ ಎಂದರೆ ಅಧ್ಯಕ್ಷರು ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಮೂಲ ಪುಸ್ತಕ ಹತ್ತಿರದ ಶಾಲೆಯಲ್ಲಿರಲಿ, ಪ್ರತಿ ಎಣಿಕೆಯ ನಕಲು ಪಂಚಾಯಿತಿಗೆ ಸೇರಲಿ. ತಂಡದ ಹುಡುಗರು ಓದು ಮುಗಿಸಿ ಊರು ಬಿಡುತ್ತಾರೆ, ಆದ್ದರಿಂದ ಎಣಿಕೆಯ ನಿಯಮಗಳನ್ನೂ ಎರಡು ತುದಿಗಳ ಗುರುತನ್ನೂ ಪುಸ್ತಕದ ಮೊದಲ ಪುಟದಲ್ಲಿ, ಹೊಸಬರು ಯಾರನ್ನೂ ಕೇಳದೆ ಶುರುಮಾಡುವಷ್ಟು ಸ್ಪಷ್ಟವಾಗಿ ಬರೆದಿಡಿ.