ಎಂಟು ತಂಡ, ನಾಲ್ಕು ಮೈದಾನ, 14 ರವಿವಾರ: ಫುಟ್ಬಾಲ್ ಲೀಗಿನ ಪಟ್ಟಿ ಹಾಕುವ ಬಗೆ

ನಮ್ಮ ಕಡೆ ಫುಟ್ಬಾಲ್ ಅಂದರೆ ಹೆಚ್ಚಾಗಿ ನಾಕೌಟ್. ಮೊದಲ ದಿನವೇ ಅರ್ಧ ತಂಡಗಳು ಗಂಟುಮೂಟೆ ಕಟ್ಟುತ್ತವೆ. ಲೀಗ್ ನಡೆಸಬೇಕೆಂದರೆ ದುಡ್ಡಿಗಿಂತ ಮೊದಲು ಬೇಕಾದದ್ದು ಸರಿಯಾದ ವೇಳಾಪಟ್ಟಿ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದಾಗ ಇದ್ದದ್ದು ಎಂಟೇ ತಂಡ. ಎಲ್ಲರೂ ಎಲ್ಲರೊಡನೆ ಎರಡು ಸಲ, ತಮ್ಮೂರಲ್ಲಿ ಒಮ್ಮೆ (ಹೋಮ್), ಎದುರಾಳಿಯ ಊರಲ್ಲಿ ಒಮ್ಮೆ (ಅವೇ) ಆಡಿ ಒಂದೊಂದಕ್ಕೆ 14 ಪಂದ್ಯ, ಲೀಗ್ ಹಂತದಲ್ಲಿ ಒಟ್ಟು 56. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಿಂದ ಎರಡೆರಡು ತಂಡ ಸೇರಿದರೆ ನಮಗೂ ಅದೇ ಲೆಕ್ಕ. ತೊಡಕು ಒಂದೇ: ಊರಿಗೆ ಒಂದೇ ಮೈದಾನ ಸಿಕ್ಕಿರುತ್ತದೆ. ಒಂದೇ ರವಿವಾರ ಒಂದೇ ಊರಿನ ಎರಡೂ ತಂಡಗಳಿಗೆ ಹೋಮ್ ಮ್ಯಾಚ್ ಬಿದ್ದರೆ ಜಗಳ ಗ್ಯಾರಂಟಿ.

ಅದಕ್ಕೆ ತಂಡಗಳ ನಂಬರನ್ನು ಪೂರ್ತಿ ಲಾಟರಿಗೆ ಬಿಡಬೇಡಿ. ಒಂದೇ ಊರಿನ ತಂಡಗಳಿಗೆ 1-2, 3-4, 5-6, 7-8 ಹೀಗೆ ಜೋಡಿ ನಂಬರನ್ನೇ ಕೊಡಿ. ಯಾವ ಊರಿಗೆ ಯಾವ ಜೋಡಿ ಅನ್ನುವುದಕ್ಕೆ ಮಾತ್ರ ಚೀಟಿ ಎತ್ತಿ.

ಈಗ ಎಂಟು ಚೀಟಿಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಇಡಿ. ಮೇಲೆ ಎಡದಿಂದ 1, 2, 3, 4. ಕೆಳಗೆ ಎಡದಿಂದ 8, 7, 6, 5. ಎದುರುಬದುರು ಇದ್ದವರು ಆಡುತ್ತಾರೆ: 1-8, 2-7, 3-6, 4-5. ಇದು ಮೊದಲ ಸುತ್ತು. ಮುಂದಿನ ಸುತ್ತಿಗೆ 1ನೇ ಚೀಟಿಯನ್ನು ಮುಟ್ಟಬೇಡಿ, ಉಳಿದ ಏಳನ್ನು ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಸಿ. ಕೆಳಗಿನ 8 ಮೇಲೆ ಹತ್ತಿ 1ರ ಪಕ್ಕ ಬರುತ್ತದೆ, ಮೇಲಿನ 4 ಕೆಳಗಿಳಿಯುತ್ತದೆ. ಆಗ 1-7, 8-6, 2-5, 3-4. ಮತ್ತೆ ಸರಿಸಿದರೆ 1-6, 7-5, 8-4, 2-3. ಏಳು ಸುತ್ತು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಉಳಿದ ಎಲ್ಲರನ್ನೂ ಒಮ್ಮೆ ಎದುರಿಸಿರುತ್ತಾರೆ.

ಹೋಮ್ ಯಾರಿಗೆ? ಬಹಳ ಜನ ಎಡವುವುದು ಇಲ್ಲೇ. ಮೇಲಿನ ಸಾಲಿನವರಿಗೆಲ್ಲ ಹೋಮ್ ಅಂತ ಬರೆದುಬಿಟ್ಟರೆ ಒಂದು ತಂಡ ಮೂರು ವಾರ ಮನೆಯಲ್ಲೇ ಕೂತು, ಮುಂದಿನ ಮೂರು ವಾರ ಬಸ್ಸಿನಲ್ಲೇ ಇರುತ್ತದೆ. ಹೀಗೆ ಮಾಡಿ: ಎಡದಿಂದ ಎರಡನೇ ಮತ್ತು ನಾಲ್ಕನೇ ಜೋಡಿಯಲ್ಲಿ ಕೆಳಗಿನ ತಂಡಕ್ಕೆ ಹೋಮ್, ಮೂರನೇ ಜೋಡಿಯಲ್ಲಿ ಮೇಲಿನ ತಂಡಕ್ಕೆ. ಮೊದಲ ಜೋಡಿಯಲ್ಲಿ ಬೆಸ ಸುತ್ತುಗಳಲ್ಲಿ 1ಕ್ಕೆ, ಸಮ ಸುತ್ತುಗಳಲ್ಲಿ ಎದುರಾಳಿಗೆ. ಮೊದಲ ಸುತ್ತಿನಲ್ಲಿ 1, 7, 3, 5ಕ್ಕೆ ಹೋಮ್ ಬರುತ್ತದೆ, ಎರಡನೇ ಸುತ್ತಿನಲ್ಲಿ 7, 6, 2, 4ಕ್ಕೆ. ಜೋಡಿ ನಂಬರಿನ ಇಬ್ಬರಿಗೆ ಒಂದೇ ದಿನ ಹೋಮ್ ಬರುವುದೇ ಇಲ್ಲ, ಹಾಗಾಗಿ ಪ್ರತಿ ರವಿವಾರ ಪ್ರತಿ ಊರಲ್ಲಿ ಸರಿಯಾಗಿ ಒಂದು ಪಂದ್ಯ.

ಎರಡನೇ ಅರ್ಧಕ್ಕೆ ಅದೇ ಪಟ್ಟಿಯನ್ನು ಹೋಮ್-ಅವೇ ತಿರುಗಿಸಿ ಬರೆದರೆ ಸಾಕು ಅನ್ನಿಸುತ್ತದೆ. ಸಾಲದು. ಹಾಗೆ ಮಾಡಿದರೆ 8ನೇ ತಂಡಕ್ಕೆ 7, 8, 9ನೇ ಸುತ್ತು ಮೂರೂ ಹೋಮ್ ಆಗುತ್ತವೆ. ಬದಲಿಗೆ 8ನೇ ವಾರಕ್ಕೆ ಎರಡನೇ ಸುತ್ತಿನ ತಿರುಗು ಪಂದ್ಯಗಳನ್ನು ಇಟ್ಟು, ಹಾಗೇ ಮುಂದುವರಿದು, ಮೊದಲ ಸುತ್ತಿನದನ್ನು ಕೊನೆಗೆ ಹಾಕಿ. ಆಗ ಯಾರಿಗೂ ಸತತ ಎರಡಕ್ಕಿಂತ ಹೆಚ್ಚು ಹೋಮ್ ಆಗಲಿ ಅವೇ ಆಗಲಿ ಬರುವುದಿಲ್ಲ. ಇನ್ನೊಂದು ಲಾಭವುಂಟು: 1-2 ನಂಬರಿನ ಊರಿನ ಜಿದ್ದಾಜಿದ್ದಿ 7 ಮತ್ತು 13ನೇ ವಾರಕ್ಕೆ ಬೀಳುತ್ತದೆ, ಅಂಕಪಟ್ಟಿಗೆ ಕಾವೇರಿದ ಹೊತ್ತಿಗೆ. ಜನ ಸೇರುವ ಊರಿಗೆ ಈ ನಂಬರು ಬಂದರೆ ಒಳ್ಳೆಯದು, ಆದರೆ ಅದಕ್ಕಾಗಿ ಚೀಟಿಯಲ್ಲಿ ಕೈಚಳಕ ಬೇಡ.

ತಂಡ ಏಳೇ ಇದ್ದರೆ ಎಂಟನೇ ಚೀಟಿಗೆ ‘ರಜೆ’ ಅಂತ ಬರೆಯಿರಿ. ಅದರ ಎದುರು ಬಂದವರಿಗೆ ಆ ವಾರ ವಿಶ್ರಾಂತಿ.

ತಿಂಗಳುಗಳ ಆಯ್ಕೆಯಲ್ಲಿ ಹವಾಮಾನದ ಜೊತೆ ಪರೀಕ್ಷೆಯನ್ನೂ ನೋಡಬೇಕು. ನವೆಂಬರ್ ಮೊದಲ ರವಿವಾರ ಶುರು ಮಾಡಿದರೆ ಫೆಬ್ರವರಿ ಕೊನೆಗೆ ಸುಮಾರು 17 ರವಿವಾರ ಸಿಗುತ್ತವೆ. 14 ಪಂದ್ಯಕ್ಕೆ ಹೋದರೆ ಮೂರು ಖಾಲಿ. ಈ ಮೂರನ್ನು ಯಾರ ಮದುವೆಗೂ ಬಿಟ್ಟುಕೊಡಬೇಡಿ: ಎರಿ ಮಣ್ಣಿನ ಮೈದಾನದ ಮೇಲೆ ಅಕಾಲಿಕ ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ, ಒಣಗಲು ದಿನಗಳೇ ಬೇಕು. ಕೆಂಪು ಮಣ್ಣಾದರೆ ಬೇಗ ಆರುತ್ತದೆ. ಕಿಕಾಫ್ ಮಧ್ಯಾಹ್ನ 3.30ಕ್ಕಿರಲಿ. 45 ನಿಮಿಷದ ಎರಡು ಅರ್ಧ, ನಡುವೆ 15 ನಿಮಿಷ, ಗಾಯ-ಗಲಾಟೆಯ ಹೊತ್ತು ಸೇರಿ 5.25ರೊಳಗೆ ಮುಗಿಯುತ್ತದೆ. ಚಳಿಗಾಲದಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಹುಬ್ಬಳ್ಳಿಗೆ ಆಡಲು ಬಂದ ಹಾವೇರಿ ತಂಡಕ್ಕೆ ಇನ್ನೂ ಸುಮಾರು 75 ಕಿಲೋಮೀಟರ್ ಹಾದಿ ಇರುತ್ತದೆ.

ಅಂಕಪಟ್ಟಿ ಎಲ್ಲರಿಗೂ ಗೊತ್ತು: ಗೆದ್ದರೆ 3, ಸಮವಾದರೆ 1. ತಪ್ಪು ನುಸುಳುವುದು ಕೂಡುವಾಗ. ಪ್ರತಿ ರವಿವಾರ ರಾತ್ರಿ ಮೂರು ತಾಳೆ ನೋಡಿ. ಎಂಟೂ ತಂಡಗಳ ಹೊಡೆದ ಗೋಲು ಮತ್ತು ಬಿಟ್ಟುಕೊಟ್ಟ ಗೋಲಿನ ಮೊತ್ತ ಒಂದೇ ಇರಬೇಕು. ಒಟ್ಟು ಗೆಲುವು, ಒಟ್ಟು ಸೋಲು ಸಮ ಇರಬೇಕು. ಒಟ್ಟು ಅಂಕ ಅಂದರೆ ಪಂದ್ಯಗಳ ಮೂರುಪಟ್ಟಿನಲ್ಲಿ ಡ್ರಾಗಳನ್ನು ಕಳೆದಷ್ಟು: ನಾಲ್ಕು ವಾರ, 16 ಪಂದ್ಯ, ಅದರಲ್ಲಿ 5 ಡ್ರಾ ಆದರೆ 48ರಲ್ಲಿ 5 ಕಳೆದು 43. ನಿಮ್ಮ ಪಟ್ಟಿಯಲ್ಲಿ 44 ಬಂದರೆ ಯಾರಿಗೋ ಒಂದು ಅಂಕ ಪುಕ್ಕಟೆ ಹೋಗಿದೆ.

ಅಂಕ ಸಮವಾದಾಗ ಏನು ಅನ್ನುವುದನ್ನು ಮೊದಲ ಪಂದ್ಯಕ್ಕೆ ಮೊದಲೇ ಬರೆದು ಎಂಟೂ ಮ್ಯಾನೇಜರುಗಳ ಸಹಿ ಹಾಕಿಸಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಮೊದಲು ನೋಡುವುದು ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದದ್ದು. ಐಎಸ್‌ಎಲ್‌ನಲ್ಲಿ 2020-21ರಲ್ಲಿ ಮೊದಲು ನೋಡಿದ್ದು ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲ. ಆ ಸಲ ಮುಂಬೈ ಸಿಟಿ ಮತ್ತು ಎಟಿಕೆ ಮೋಹನ್ ಬಾಗಾನ್ ಎರಡೂ 40 ಅಂಕಕ್ಕೆ ನಿಂತವು. ಪರಸ್ಪರ ಆಡಿದ ಎರಡೂ ಪಂದ್ಯ ಗೆದ್ದಿದ್ದ ಮುಂಬೈಗೆ ಲೀಗ್ ಹಂತದ ಅಗ್ರಸ್ಥಾನದ ಶೀಲ್ಡ್ ಹೋಯಿತು. ನಮ್ಮಂಥ ಲೀಗಿಗೆ ಈ ಕ್ರಮವೇ ವಾಸಿ. ಗೋಲು ವ್ಯತ್ಯಾಸವನ್ನೇ ನಂಬಿದರೆ, ಅರ್ಧ ತಂಡ ಬಾರದ ದಿನ ಒಬ್ಬರು 11 ಗೋಲು ತಿಂದದ್ದೇ ಚಾಂಪಿಯನ್ನರನ್ನು ನಿರ್ಧರಿಸಿಬಿಡುತ್ತದೆ. ಪರಸ್ಪರ ಎರಡೂ ಪಂದ್ಯ ಮುಗಿಯುವವರೆಗೆ ಮಾತ್ರ ಪಟ್ಟಿಯಲ್ಲಿ ಗೋಲು ವ್ಯತ್ಯಾಸದ ಪ್ರಕಾರ ಇಡಿ. ಮೂರು ತಂಡ ಸಮವಾದರೆ ಆ ಮೂವರ ನಡುವಿನ ಪಂದ್ಯಗಳದ್ದೇ ಸಣ್ಣ ಪಟ್ಟಿ ಮಾಡಿ.

ಮೈದಾನಕ್ಕೆ ಬಾರದವರಿಗೆ ಅಥವಾ ನಡುವೆ ಎದ್ದು ಹೋದವರಿಗೆ 0-3 ಸೋಲು. ಅರ್ಧ ಸೀಸನ್ನಿಗಿಂತ ಮೊದಲೇ ತಂಡ ಲೀಗನ್ನೇ ಬಿಟ್ಟರೆ ಅವರ ಎಲ್ಲ ಫಲಿತಾಂಶ ಅಳಿಸಿ, ನಂತರ ಬಿಟ್ಟರೆ ಉಳಿದವುಗಳನ್ನು 0-3 ಅಂತ ಬರೆಯಿರಿ.

ಕೊನೆಯ ವಾರದ ನಾಲ್ಕೂ ಪಂದ್ಯ ನಾಲ್ಕೂ ಊರಲ್ಲಿ ಒಂದೇ ಹೊತ್ತಿಗೆ ಶುರುವಾಗಬೇಕು. 1982ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯಾ ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿತ್ತು. ಮರುದಿನ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ತಮಗಿಬ್ಬರಿಗೂ ಒಪ್ಪುವ 1-0ಕ್ಕೆ ನಿಂತು ಚೆಂಡು ಹಿಂದಕ್ಕೆ ಮುಂದಕ್ಕೆ ತಳ್ಳುತ್ತ ಕಾಲ ಕಳೆದವು, ಅಲ್ಜೀರಿಯಾ ಹೊರಬಿತ್ತು. ಆದ್ದರಿಂದ ಗದಗದ ರೆಫರಿ ಹತ್ತು ನಿಮಿಷ ತಡವಾದರೆ ಉಳಿದ ಮೂರು ಊರಲ್ಲೂ ಸೀಟಿ ಊದದೆ ಕಾಯಬೇಕು. ಅಂದು ನಾಲ್ವರೂ ರೆಫರಿಗಳನ್ನು ಒಂದೇ ಫೋನ್ ಕರೆಯಲ್ಲಿ ಸೇರಿಸಿ.