ಕಿವಿಯಲ್ಲೇ ಮ್ಯಾಚ್ ನೋಡೋದು – ನನ್ನ ಅನುಭವ

ನನಗೆ ಕಣ್ಣು ಕಾಣಲ್ಲ, ಹಾಗಂತ ಮ್ಯಾಚ್ ಬಿಟ್ಟವನಲ್ಲ. ಟಿವಿ ಕಾಮೆಂಟ್ರಿ ನಂಬ್ಕೊಂಡ್ರೆ ಮಾತ್ರ ಕೆಟ್ವಿ, ಎಲ್ರೂ ನೋಡ್ತಾ ಇದ್ದಾರೆ ಅಂದ್ಕೊಂಡೇ ಅವ್ರು ಮಾತಾಡೋದು, ಆಹಾ ಎಂಥಾ ಶಾಟ್ ಅಂತಾರೆ, ಬಾಲ್ ಯಾವ ಕಡೆ ಹೋಯ್ತು ಅಂತ ಬಾಯಿ ಬಿಡಲ್ಲ. ಅದಕ್ಕೇ ನಂಗೆ ರೇಡಿಯೋನೇ ಬೇಕು.

1927ರಲ್ಲಿ ಬಿಬಿಸಿಯವ್ರು ಫುಟ್‌ಬಾಲ್ ಲೈವ್ ಕೊಟ್ಟಾಗ ಮೈದಾನದ ನಕ್ಷೆನ ಚೌಕ ಚೌಕ ಮಾಡಿ ನಂಬರ್ ಹಾಕಿ ರೇಡಿಯೋ ಟೈಮ್ಸ್ ಅನ್ನೋ ತಮ್ಮ ಪತ್ರಿಕೇಲಿ ಪ್ರಿಂಟ್ ಮಾಡಿದ್ರು, ಬಾಲ್ ಯಾವ ಚೌಕದಲ್ಲಿದೆ ಅಂತ ಇನ್ನೊಬ್ರು ನಂಬರ್ ಹೇಳ್ತಾ ಇದ್ರು. ನಾನು ಮಾಡೋದೂ ಹೆಚ್ಚುಕಮ್ಮಿ ಅದೇನೇ, ಯಾರು ಯಾವ ಕಡೆ ಗೋಲ್ ಹೊಡೀಬೇಕು ಅಂತ ಮೊದ್ಲೇ ತಲೇಲಿ ಕೂರಿಸ್ಕೊತೀನಿ, ಹಾಫ್ ಟೈಮ್ ಆದ್ಮೇಲೆ ಇಡೀ ಮೈದಾನನೇ ಉಲ್ಟಾ ಮಾಡ್ಕೊತೀನಿ.

ಸ್ಟೇಡಿಯಂಗೆ ಹೋದ್ರೆ ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಜನಕ್ಕೆ. ಮೊಬೈಲ್ ಆ್ಯಪ್‌ನಲ್ಲಿ ಕೇಳ್ಬೇಡಿ, ಸ್ಟ್ರೀಮ್ ಹಿಂದೆ ಬೀಳುತ್ತೆ, ಪಕ್ಕದವ್ರು ಕುಣಿದು ಕೂತ ಮೇಲೆ ನಿಮ್ಮ ಕಿವೀಲಿ ಗೋಲ್ ಆಗುತ್ತೆ. ಹಳೇ ಥರದ ರೇಡಿಯೋ ಸೆಟ್ಟೇ ವಾಸಿ. ಜನರ ಗಲಾಟೆ ಓದೋಕೆ ಬಂದ್ಬಿಟ್ರೆ ಅರ್ಧ ಕಾಮೆಂಟ್ರಿ ಬೇಡ: ಓಓ ಅಂತ ಏರ್ತಾ ಹೋಗಿ ಛೇ ಅಂತ ಇಳಿದ್ರೆ ಮಿಸ್ಸು, ಒಂದೇ ಸಲ ಸಿಡಿದ್ರೆ ಗೋಲು, ಸಿಡಿದು ಅಲ್ಲೇ ಕಟ್ ಆಗಿ ಬೈಗುಳ ಶುರುವಾದ್ರೆ ಆಫ್‌ಸೈಡ್, ಅಂದ್ರೆ ಆ ಗೋಲು ಲೆಕ್ಕಕ್ಕಿಲ್ಲ.

ಆದ್ರೆ ಕಿವಿಗೇ ಅಂತ ಮಾಡಿದ ಹಾಗಿರೋದು ಟೆನಿಸ್. ಆಟ ನಡೀವಾಗ ಜನ ಸುಮ್ನಿರ್ತಾರೆ, ಸ್ಕೋರ್ ಅಂಪೈರೇ ಹೇಳ್ತಾರೆ, ರಾಕೆಟ್ ಏಟು, ಬಾಲ್ ಪುಟಿಯೋದು, ಮತ್ತೆ ಏಟು, ಆ ಲಯ ಹಿಡ್ಕೊಂಡ್ರೆ ಯಾರು ಹಿಂದೆ ಸರೀತಿದ್ದಾರೆ ಅಂತ ಕೂಡ ಗೊತ್ತಾಗುತ್ತೆ. ಏಟು ಮೆತ್ತಗೆ ಬಂದು ಆ ಕಡೆಯಿಂದ ಶೂ ಕಿರ್ರ್ ಅಂತ ಓಡಿ ಬಂತು ಅಂದ್ರೆ ಡ್ರಾಪ್ ಶಾಟ್, ನೆಟ್ ದಾಟಿ ಅಲ್ಲೇ ಹತ್ರ ಬೀಳೋ ಏಟು. ಮಣ್ಣಿನ ಕೋರ್ಟಲ್ಲಿ ಕಿರ್ರ್ ಇರಲ್ಲ, ಜಾರೋ ಸದ್ದು. ಡಬಲ್ಸ್ ಮಾತ್ರ ನನ್ ಕೈಲಾಗಲ್ಲ, ನೆಟ್ ಹತ್ರ ನಾಲ್ಕು ಜನ ಸೇರಿದ್ರೆ ಯಾರ ಏಟು ಯಾವ್ದು ಅಂತಾನೇ ತಿಳಿಯಲ್ಲ.

ಅಂಧರ ಫುಟ್‌ಬಾಲ್ ಕೇಳಿಲ್ಲ ಅಂದ್ರೆ ಒಮ್ಮೆ ಕೇಳಿ, 2004ರಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಇದೆ. ಬಾಲ್ ಒಳಗೆ ಗಲಗಲ ಸದ್ದು, ಬಾಲ್ ಕಡೆ ನುಗ್ಗೋ ಆಟಗಾರ ವೊಯ್ ಅಂತ ಕೂಗ್ಲೇಬೇಕು ಇಲ್ಲಾಂದ್ರೆ ಫೌಲ್, ಎದುರಾಳಿ ಗೋಲ್ ಹಿಂದೆ ನಿಂತ ಗೈಡ್ ತನ್ನವ್ರಿಗೆ ದಿಕ್ಕು ಹೇಳ್ತಿರ್ತಾನೆ, ಪ್ರೇಕ್ಷಕರು ಗೋಲ್ ಆಗೋವರ್ಗೂ ಬಾಯಿ ಮುಚ್ಕೊಂಡಿರ್ಬೇಕು. ಅಲ್ಲಿ ಕಾಮೆಂಟ್ರಿ ಬಂದ್ರೆ ನಂಗೆ ಸಿಟ್ಟೇ ಬರುತ್ತೆ.

ಜೊತೇಲಿ ಕಣ್ಣಿರೋ ಫ್ರೆಂಡ್ ಇದ್ರೆ ಬಾಲ್ ಬಗ್ಗೆ ಹೇಳ್ಬೇಡ ಮಾರಾಯಾ ಅಂತ ಮೊದ್ಲೇ ಹೇಳಿರ್ತೀನಿ, ಅದನ್ನ ರೇಡಿಯೋ ನೋಡ್ಕೊಳ್ಳುತ್ತೆ. ಯಾರು ಕುಂಟ್ತಿದ್ದಾನೆ, ಬೆಂಚಿಂದ ಯಾರು ಎದ್ದು ವಾರ್ಮ್ ಅಪ್ ಮಾಡ್ತಿದ್ದಾನೆ, ಕೋಚ್ ಮುಖ ಹೇಗಿದೆ, ಅಷ್ಟು ಹೇಳಿದ್ರೆ ಸಾಕು.