ಘಟ್ಟದ ಹಳ್ಳದಿಂದ ಕಡಲಿಗೆ ಒಂದೇ ಹಗಲು: ಪಂಚಾಂಗ ನೋಡಿ ನಡೆಸಿದ ಚಾರಣ

ಘಟ್ಟದ ಮೇಲೆ ಬೆಳಗಿನ ಚಹಾ ಕುಡಿದು, ಹಳ್ಳ ಹಿಡಿದು ಕಮರಿಯಲ್ಲಿ ಇಳಿದು, ಹೊತ್ತು ಮುಳುಗುವುದರೊಳಗೆ ಕಡಲಿನಲ್ಲಿ ಕಾಲು ತೊಳೆಯಬಹುದು ಎಂದು ನಾನು ಹೇಳಿದಾಗ ಶಿರಸಿಯಲ್ಲಿ ನಕ್ಕರು. ಕುಮಟೆಯಲ್ಲಿ ಇನ್ನೂ ಜೋರಾಗಿ ನಕ್ಕರು. ಚಾರಣ ನಡೆಸಿ ಅನ್ನ ತಿನ್ನುವ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ‘ಎರಡು ದಿನ ಮಾಡು, ನಡುವೆ ಒಂದು ರಾತ್ರಿ ಯಾರದಾದರೂ ಮನೆಯ ಜಗಲಿಯಲ್ಲಿ ಮಲಗಿಸು. ಇಲ್ಲವಾದರೆ ಹಳ್ಳ ಮುಗಿದ ಕೂಡಲೇ ಜೀಪು ಹತ್ತಿಸಿ ಗೋಕರ್ಣಕ್ಕೆ ಬಿಡು.’ ಜೀಪು ಹತ್ತಿಸಿದರೆ ಅದು ಚಾರಣವಲ್ಲ, ಬಾಡಿಗೆ. ಈಗ ಎರಡು ಋತುಗಳಿಂದ ಒಂದೇ ಹಗಲಿನಲ್ಲಿ ಜನರನ್ನು ಇಳಿಸುತ್ತಿದ್ದೇನೆ. ಆಗ ನಕ್ಕವರಲ್ಲಿ ಇಬ್ಬರು ತಮ್ಮ ಗಿರಾಕಿಗಳನ್ನು ನನಗೇ ಕಳುಹಿಸುತ್ತಿದ್ದಾರೆ.

ಈ ಹುಚ್ಚು ತಲೆಗೆ ಹತ್ತಿಸಿದವರು ಹುಬ್ಬಳ್ಳಿಯ ಒಬ್ಬ ಗಿರಾಕಿ. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಸಮಾರಿಯಾ ಎಂಬ ಕಮರಿಯನ್ನು ನಡೆದು ಬಂದಿದ್ದರು. ಸುಮಾರು 1,200 ಮೀಟರ್ ಎತ್ತರದಲ್ಲಿ ಶುರುವಾಗಿ, ಹದಿನಾರು ಕಿಲೋಮೀಟರ್ ಇಳಿದು, ಆಯಿಯಾ ರೂಮೆಲಿ ಎಂಬ ಊರಿನಲ್ಲಿ ಕಡಲಿಗೆ ಮುಟ್ಟುತ್ತದೆಯಂತೆ. ಆ ಊರಿಗೆ ಮೋಟಾರು ರಸ್ತೆಯೇ ಇಲ್ಲ. ನಡೆದು ದಣಿದವರೆಲ್ಲ ಹಡಗು ಹತ್ತಿಯೇ ಹೊರಬರಬೇಕು. ಅದನ್ನು ಕೇಳಿದಾಗ ನನಗೆ ಹೊಳೆದದ್ದು ಕಮರಿಯಲ್ಲ, ಹಡಗು. ಅಲ್ಲಿ ಕಡಲು ಮುಟ್ಟಿದ ಮೇಲೆ ದೋಣಿ. ನಮ್ಮಲ್ಲಿ ಕಡಲು ಮುಟ್ಟುವುದಕ್ಕೇ ದೋಣಿ ಯಾಕಾಗಬಾರದು?

ದಾರಿ ನಮ್ಮ ಉತ್ತರ ಕನ್ನಡದ ಸೀಮೆಯದೇ. ದೇವಿಮನೆ ಘಟ್ಟದ ಅಂಚಿನಿಂದ ಯಾಣದವರೆಗೆ ಅಘನಾಶಿನಿ ಹೊಳೆಗೆ ಇಳಿಯುವ ಹಳ್ಳಗಳು ಹತ್ತಾರಿವೆ. ಅವುಗಳಲ್ಲಿ ನನ್ನದು ಯಾವುದು ಎಂದು ಬರೆಯುವುದಿಲ್ಲ, ಕೇಳಲೂ ಬೇಡಿ. ಹನ್ನೆರಡು ಕಿಲೋಮೀಟರ್ ಆಸುಪಾಸು ನಡಿಗೆ. ಅರ್ಧ ಹಳ್ಳದ ಬಂಡೆಗಳ ಮೇಲೆ, ಇನ್ನರ್ಧ ಸೊಪ್ಪಿನ ಬೆಟ್ಟದ ಕಾಲುದಾರಿಯಲ್ಲಿ. ಅಲ್ಲಿಂದ ಉಪ್ಪಿನಪಟ್ಟಣದ ಬಳಿ ಹೊಳೆ. ಅಲ್ಲಿಂದ ಹೊಳೆ ಕಡಲು ಸೇರುವ ಅಳಿವೆಗೆ ಇಪ್ಪತ್ತೈದು ಕಿಲೋಮೀಟರಿಗೆ ಮೇಲೆ. ಆ ಇಪ್ಪತ್ತೈದರಲ್ಲಿಯೇ ಎಲ್ಲ ಗಂಟೂ ಇದ್ದದ್ದು.

ಮೊದಲ ಸಲ ಗಿರಾಕಿಗಳಿಗೆ ಅನುಕೂಲವಾದ ಭಾನುವಾರ ನೋಡಿ ಹೊರಟೆವು. ಅಂದು ಅಷ್ಟಮಿ. ಹಳ್ಳ ಇಳಿದು ಮಧ್ಯಾಹ್ನ ಒಂದಕ್ಕೆ ಹೊಳೆಗೆ ಬಂದರೆ ದೋಣಿ ಕೆಸರಿನ ಮೇಲೆ ಕುಳಿತಿತ್ತು, ನೀರು ಆಚೆ ಮಾರು ದೂರದಲ್ಲಿತ್ತು. ಎಲ್ಲರೂ ಮೊಣಕಾಲಷ್ಟು ಕೆಸರಿಗಿಳಿದು ನೂಕಿದೆವು. ದೋಣಿ ಹೊರಟ ಗಂಟೆಯೊಳಗೆ ಭರತ, ಅಂದರೆ ಕಡಲಿನ ಉಬ್ಬರ, ಏರತೊಡಗಿತು. ಜೊತೆಗೆ ಕಡಲಿನ ಕಡೆಯ ಗಾಳಿ. ಎಂಜಿನ್ ಬಾಯಿ ಬಡಿದುಕೊಳ್ಳುತ್ತಿದ್ದರೂ ದಂಡೆಯ ತೆಂಗಿನಮರಗಳು ಹಿಂದೆ ಸರಿಯಲೇ ಇಲ್ಲ. ದಿವಗಿಯ ಸೇತುವೆ ಕಾಣುವಾಗಲೇ ಕತ್ತಲಾಯಿತು. ಹತ್ತು ಜನರಿಗೆ ಅರ್ಧ ಹಣ ವಾಪಸು, ಎರಡು ಪಾಲು ಡೀಸೆಲ್, ಕುಮಟೆಗೆ ಎರಡು ಟೆಂಪೋ. ಆ ಒಂದೇ ದಿನ ಒಂಬತ್ತು ಸಾವಿರದ ಮೇಲೆ ಹೋಯಿತು.

ಆ ರಾತ್ರಿ ದೋಣಿಯ ಅಣ್ಣ ಹೇಳಿದ ಮಾತು ಇದು: ‘ತಮ್ಮಾ, ನೀನು ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ನೋಡಿ ಬರುತ್ತೀ. ಹೊಳೆಗೆ ಭಾನುವಾರ ಗೊತ್ತಿಲ್ಲ.’

ಮನೆಗೆ ಬಂದು ಪಂಚಾಂಗ ಬಿಡಿಸಿದೆ. ಕರಾವಳಿಯವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಆದರೆ ಘಟ್ಟದ ಮೇಲಿನ ನಮ್ಮಂಥವರಿಗೆ ಪಂಚಾಂಗ ಎಂದರೆ ಮದುವೆ, ಶ್ರಾದ್ಧ, ಏಕಾದಶಿ ಮಾತ್ರ. ನಮ್ಮ ಕಡಲಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಭರತ ತುಂಬುವುದು ಹೆಚ್ಚುಕಡಿಮೆ ಹಗಲು ಹನ್ನೊಂದು, ಹನ್ನೊಂದೂವರೆಗೆ. ಇಳಿತ ಮುಗಿಯುವುದು ಸಂಜೆ ಐದು ದಾಟಿ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜರುಗುತ್ತಾ ಹೋಗಿ ಅಷ್ಟಮಿಯ ಹೊತ್ತಿಗೆ ಎಲ್ಲ ತಿರುವುಮುರುವು. ಅಳಿವೆಯ ಬಳಿಯ ತದಡಿ ಬಂದರಿನಲ್ಲಿ ತುಂಬಿದ ನೀರು ಉಪ್ಪಿನಪಟ್ಟಣದ ಕಡೆಗೆ ಏರಿ ಬರಲು ಮತ್ತೆ ಗಂಟೆಗೆ ಮೇಲೆ ಬೇಕು. ಅಂದರೆ ಅಮಾವಾಸ್ಯೆಯ ದಿನ ಮೇಲ್ಗಡೆ ಹೊಳೆ ತುಂಬಿ ನಿಲ್ಲುವುದು ಹನ್ನೆರಡೂವರೆ, ಒಂದಕ್ಕೆ. ನನ್ನ ಜನ ಹಳ್ಳ ಇಳಿದು ಬರುವುದೂ ಅದೇ ಹೊತ್ತಿಗೆ! ಅಲ್ಲಿಂದ ಮುಂದೆ ಹೊಳೆಯೇ ನಿಮ್ಮನ್ನು ಕಡಲಿಗೆ ಹೊತ್ತುಕೊಂಡು ಹೋಗುತ್ತದೆ, ಅದೂ ತಿಂಗಳಲ್ಲಿಯೇ ಜೋರಾದ ಇಳಿತಗಳಲ್ಲಿ.

ಹಾಗಾಗಿ ಅಮಾವಾಸ್ಯೆ ಅಥವಾ ಹುಣ್ಣಿಮೆ, ಅದರ ಹಿಂದಿನ ಒಂದು ದಿನ, ಮುಂದೆ ಬಿದಿಗೆ, ತದಿಗೆಯವರೆಗೆ. ಅಷ್ಟೇ ನನ್ನ ಅಂಗಡಿ ತೆರೆದಿರುವ ದಿನಗಳು. ಅದರಲ್ಲಿ ಶನಿವಾರ, ಭಾನುವಾರ ಬೀಳಬೇಕು, ಏಕೆಂದರೆ ಬೆಂಗಳೂರು, ಹುಬ್ಬಳ್ಳಿಯವರಿಗೆ ರಜೆ ಆಗಲೇ. ಅಮಾವಾಸ್ಯೆಯ ದಿನ ಹೊರಡುವುದೇ ಎಂದು ಮನೆಯಲ್ಲಿ ತಾಯಿ ಇವತ್ತಿಗೂ ಗೊಣಗುತ್ತಾಳೆ. ಒಬ್ಬ ಗಿರಾಕಿಯ ಮಾವನವರು ಫೋನ್ ಮಾಡಿ ದಿನ ಬದಲಿಸಲು ಕೇಳಿದ್ದರು. ಬದಲಿಸಿದರೆ ಕೆಸರು ನೂಕಬೇಕಾಗುತ್ತದೆ ಎಂದೆ, ಸುಮ್ಮನಾದರು.

ಅಮಾವಾಸ್ಯೆಯ ಲೆಕ್ಕ ಸರಿಹೋದ ಮೇಲೂ ಒಂದು ದಿನ ಕೈಕೊಟ್ಟಿತು, ಆದರೆ ಅದು ಊಟದ ಕಾರಣಕ್ಕೆ. ಹಳ್ಳದ ನಡುವಿನ ದೊಡ್ಡ ಗುಂಡಿಯ ಬಳಿ ಊಟ ಇಟ್ಟಿದ್ದೆ. ನೀರು ಕಂಡ ಮೇಲೆ ಪೇಟೆಯ ಜನ ಸುಮ್ಮನಿರುತ್ತಾರೆಯೇ? ಈಜು, ಫೋಟೋ, ಮತ್ತೆ ಈಜು, ಮತ್ತೆ ಬಟ್ಟೆ ಒಣಗಿಸುವುದು. ಗಂಟೆಗೂ ಮಿಕ್ಕಿ ಅಲ್ಲೇ ಹೋಯಿತು. ಹೊಳೆಗೆ ಬರುವಷ್ಟರಲ್ಲಿ ಇಳಿತ ಅರ್ಧ ಮುಗಿದಿತ್ತು. ಈಗ ಊಟ ದೋಣಿಯಲ್ಲಿ: ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಅಪ್ಪೆಮಿಡಿ, ಮಜ್ಜಿಗೆ. ದೋಣಿ ಸಾಗುತ್ತದೆ, ಕೈ ಬಾಯಿ ಸಾಗುತ್ತದೆ. ಗುಂಡಿಯ ಬಳಿ ಇಪ್ಪತ್ತು ನಿಮಿಷ, ಸೀಟಿ ಊದಿದರೆ ಮುಗಿಯಿತು. ನಡುವೆ ಅವಲಕ್ಕಿ ಮತ್ತು ಮುರುಗಲು ಪಾನಕ, ಅದಕ್ಕೆ ಉಪ್ಪು ಸ್ವಲ್ಪ ಮುಂದಾಗಿಯೇ ಹಾಕುತ್ತೇನೆ. ಪೊಟ್ಟಣದ ಗ್ಲೂಕೋಸ್ ಪುಡಿಗಿಂತ ಇದೇ ಮೇಲು ಎಂಬುದು ನನ್ನ ಪರೀಕ್ಷೆ. ಪಾನಕ ಕುಡಿದವರ ಕಾಲಿನಲ್ಲಿ ಸೆಳೆತ ಹಿಡಿದದ್ದು ಕಡಿಮೆ.

ಹುಟ್ಟು ಹಾಕಿಯೇ ಹೋಗಬಹುದೇ ಎಂದೂ ನೋಡಿದೆ, ಎಂಜಿನ್ ಸದ್ದಿಲ್ಲದೆ ಹೋದರೆ ಹಕ್ಕಿ ನೋಡುವವರು ಹೆಚ್ಚು ಹಣ ಕೊಡುತ್ತಾರೆ ಎಂಬ ಆಸೆಗೆ. ಅದಕ್ಕೆ ಮೊದಲು ಬರೀ ನೀರಿನ ಓಟ ಅಳೆಯಬೇಕಲ್ಲ. ಒಣತೆಂಗಿನಕಾಯಿ ಹತ್ತಿಪ್ಪತ್ತಕ್ಕೆ ಬಿಳಿ ಬಣ್ಣ ಬಳಿದು, ಭರತ ನಿಂತ ಕ್ಷಣಕ್ಕೆ ಮೇಲ್ಗಡೆ ಬಿಟ್ಟೆ. ಕೆಳಗೆ ಸೇತುವೆಯ ಹತ್ತಿರ ಅತ್ತೆಯ ಮಗನನ್ನು ಗಡಿಯಾರ ಕೊಟ್ಟು ಕೂರಿಸಿದೆ. ಬಹುಪಾಲು ಕಾಯಿಗಳು ದಂಡೆಯ ಪೊದೆಯಲ್ಲಿ, ಉಪ್ಪುನೀರಿನ ಕಾಂಡ್ಲಾ ಗಿಡಗಳ ಬೇರುಗಳಲ್ಲಿ ಸಿಕ್ಕಿಬಿದ್ದವು. ಒಂದೆರಡನ್ನು ಯಾರೋ ಹಿಡಿದು ಮನೆಗೆ ಒಯ್ದರು, ಸಾರಿಗೆ ಆಗಿರಬೇಕು. ತಲುಪಿದ ನಾಲ್ಕೈದರ ಲೆಕ್ಕದಲ್ಲಿ ನೀರಿನ ಓಟ ಗಂಟೆಗೆ ಎರಡರಿಂದ ಮೂರು ಕಿಲೋಮೀಟರ್. ಅಂದರೆ ಹುಟ್ಟು ಹಾಕಿದರೂ ಕತ್ತಲಾಗುತ್ತದೆ. ನಡೆಸಿಯೂ ನೋಡಿದೆವು, ಕತ್ತಲಾಯಿತು. ಈಗ ಮಿರ್ಜಾನದವರೆಗೆ ಎಂಜಿನ್, ಅಲ್ಲಿಂದ ಮುಂದೆ ಹಕ್ಕಿ ಕಂಡ ಕಡೆ ಆರಿಸಿ ತೇಲುವುದು. ಹಕ್ಕಿ ನೋಡುವವರಿಗೂ ನನಗೂ ಸಮಾಧಾನ.

ನೀರು ತಿರುಗುವ ಕ್ಷಣವನ್ನು ಮೊಬೈಲಿನಲ್ಲಿ ನೋಡಿ ಹೇಳುವವರು ನನ್ನಲ್ಲಿಗೆ ಬಂದಿದ್ದಾರೆ. ಆ ಪಟ್ಟಿ ಬಂದರಿನ ನೀರಿಗೆ, ಹೊಳೆಯ ಮೇಲ್ಗಡೆಗಲ್ಲ. ದೋಣಿಯ ಅಣ್ಣ ನೋಡುವುದು ದಂಡೆಯ ಚಿರೆಕಲ್ಲಿನ ಮೆಟ್ಟಿಲನ್ನು. ನೀರು ಏರುತ್ತಿರುವವರೆಗೆ ನೀರಿನ ಅಂಚಿನ ಮೇಲಿನ ಕಲ್ಲು ಒಣಗಿದ ಇಟ್ಟಿಗೆಬಣ್ಣ. ತಿರುಗಿದ ಕೆಲವೇ ನಿಮಿಷಕ್ಕೆ ನೀರಿನ ಮೇಲೆ ಬೆರಳು ಅಗಲದ ಕಪ್ಪು ಒದ್ದೆ ಗೆರೆ ಕಾಣಿಸುತ್ತದೆ. ಅದೇ ಹೊತ್ತಿಗೆ ಕಂಬಕ್ಕೆ ಕಟ್ಟಿದ ದೋಣಿ ತನ್ನಷ್ಟಕ್ಕೆ ಹಿಮ್ಮುಖವಾಗಿ ತಿರುಗಿ ಹಗ್ಗ ಜಗ್ಗುತ್ತದೆ. ಹಗ್ಗ ಬಿಗಿಯಿತೋ, ‘ಹತ್ತಿ’ ಎನ್ನುತ್ತಾನೆ. ನಾನು ಗಡಿಯಾರ ನೋಡುವುದು ಬಿಟ್ಟಿದ್ದೇನೆ.

ಹಳ್ಳದ ಭಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಈ ಕಸುಬಿನವರಿಗೆ ಹಗ್ಗ ಕಟ್ಟುವುದನ್ನು ಹೇಳಿಕೊಡಬೇಕಾಗಿಲ್ಲ. ಪಾದರಕ್ಷೆಯದು ಮಾತ್ರ ಒಂದು ಮಾತು. ಎಂಟು ಸಾವಿರದ ಬೂಟು ಹಾಕಿದವರೇ ಪಾಚಿಯ ಮೇಲೆ ಮೊದಲು ಬೀಳುವವರು. ಗದ್ದೆ ಕೆಲಸದವರು ಹಾಕುವ ಮುನ್ನೂರು ರೂಪಾಯಿಯ ಶೂಗಳಿಗೆ ಅಡಿಯಲ್ಲಿ ನಾನು ಒಂದು ವಸ್ತು ಅಂಟಿಸುತ್ತೇನೆ. ಏನು ಎಂದು ಹೇಳಿದರೆ ನಾಳೆ ಶಿರಸಿಯ ಪೇಟೆಯಲ್ಲಿ ಅದು ಸಿಗುವುದಿಲ್ಲ. ನವೆಂಬರಿನಲ್ಲಿ ಉಂಬಳ (ಜಿಗಣೆ) ಇನ್ನೂ ಇರುತ್ತದೆ, ಸುಣ್ಣ ತಂಬಾಕು ಸಾಕು. ಉಂಬಳಕ್ಕಿಂತ ಹೆದರಬೇಕಾದದ್ದು ಉಣ್ಣೆಹುಳಕ್ಕೆ (ಉಣುಗು). ಡಿಸೆಂಬರಿನಿಂದ ಮುಂದೆ ನಮ್ಮ ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಅದು ಹರಡುವ ಮಂಗನ ಕಾಯಿಲೆಯ ಕಾಲ. ಉಣ್ಣೆಹುಳ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚದೆ ಯಾರನ್ನೂ ಇಳಿಸುವುದಿಲ್ಲ, ಮಂಗ ಸತ್ತ ಸುದ್ದಿ ಬಂದರೆ ಆ ವಾರ ಚಾರಣವೇ ಇಲ್ಲ, ಮುಂಗಡ ವಾಪಸು. ಮಳೆಗಾಲದ ಮಾತು ಎತ್ತಲೇಬೇಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೂ ‘ಜಲಪಾತ ಜೋರಾಗಿರುವಾಗ ಕರೆದುಕೊಂಡು ಹೋಗಿ’ ಎನ್ನುವವರಿದ್ದಾರೆ.

ಅರಣ್ಯದ ಅನುಮತಿ ಪತ್ರ ಕೈಗೆ ಬಾರದೆ ಒಂದು ಹೆಜ್ಜೆಯೂ ಇಡುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿ, ರಾಜ್ಯದಲ್ಲಿ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ನಿಲ್ಲಿಸಿದರಲ್ಲ, ಆಗ ನನ್ನ ಇಡೀ ಫೆಬ್ರವರಿ ಮುಳುಗಿತು. ಮುಂಗಡ ಕೊಟ್ಟವರಿಗೆ ಹಿಂದಿರುಗಿಸಲು ಅಡಿಕೆ ಮಾರಬೇಕಾಯಿತು. ಆ ವರ್ಷ ಒಟ್ಟು ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು ಎಂದು ನೆನಪು.

ಈಗಿನ ಲೆಕ್ಕ ಹೇಳುತ್ತೇನೆ, ಅಂದಾಜಿನದು. ತಲೆಗೆ 2,400 ರೂಪಾಯಿ, ಹತ್ತು ಜನರಿಗಿಂತ ಹೆಚ್ಚು ಇಲ್ಲ. ದೋಣಿಗೆ ಡೀಸೆಲ್ ಸೇರಿ ಆರು ಸಾವಿರ. ಇಳಿತದ ಜೊತೆಗೆ ಹೋಗುವುದರಿಂದ ಡೀಸೆಲ್ ಮೊದಲಿನ ಅರ್ಧಕ್ಕೆ ಇಳಿದಿದೆ, ಆದರೆ ಅಣ್ಣ ಬಾಡಿಗೆ ಇಳಿಸಿಲ್ಲ. ‘ಲೆಕ್ಕ ಹೇಳಿಕೊಟ್ಟವನು ಯಾರು?’ ಎನ್ನುತ್ತಾನೆ. ಘಟ್ಟದ ಮೇಲಕ್ಕೆ ಜೀಪು ಎರಡೂವರೆ, ಜೊತೆಗೆ ಬರುವ ಇಬ್ಬರು ಹುಡುಗರಿಗೆ ಎರಡು, ಊಟ ತಿಂಡಿಗೆ ಎರಡು, ಅನುಮತಿ ಶುಲ್ಕ ಮತ್ತು ವಿಮೆ ಸೇರಿ ಮತ್ತೆ ಎರಡೂವರೆ, ಹಗ್ಗ ಶೂಗಳ ಸವೆತ ಒಂದು. ಹತ್ತೂ ಜನ ಬಂದರೆ ನನಗೆ ಎಂಟು ಸಾವಿರದ ಆಸುಪಾಸು ಉಳಿಯುತ್ತದೆ, ಏಳು ಜನ ಬಂದರೆ ಸಾವಿರವೂ ಕಷ್ಟ. ಋತುವಿಗೆ ತಿಥಿಯೂ ರಜೆಯೂ ಕೂಡಿ ಬರುವ ದಿನಗಳು ಆರೇಳು ಸಿಕ್ಕರೆ ಪುಣ್ಯ. ಅಡಿಕೆ ತೋಟ ಬಿಟ್ಟು ಇದನ್ನೇ ನಂಬಿಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಹೊಳೆ ಅಗಲವಾಗಿ, ನೀರು ಇಳಿದು, ದಿಬ್ಬಗಳು ಎದ್ದಿರುತ್ತವೆ. ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಬಳಚು (ಚಿಪ್ಪುಮೀನು) ಆರಿಸುತ್ತಿರುತ್ತಾರೆ. ದಂಡೆಯಾಚೆ ಗಜನಿ ಗದ್ದೆಗಳು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಜಾಗ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು ಹೇಳಿದರೆ ಗಿರಾಕಿಗಳು ತಲೆಯಾಡಿಸುತ್ತಾರೆ. ಒಂದು ಕಿಲೋ ಬಳಚು ಎಷ್ಟಕ್ಕೆ ಎಂದು ಕೇಳುವಾಗ ಮಾತ್ರ ಕಣ್ಣು ಅರಳುತ್ತದೆ. ಅಳಿವೆಯ ಬಾಯಿಯ ಹತ್ತಿರ ಕಡಲ ಗಾಳಿಗೂ ಇಳಿತಕ್ಕೂ ಜಗಳ ಹತ್ತಿ ನೀರು ಏಳುತ್ತದೆ. ಅಲ್ಲಿ ಯಾವ ದಂಡೆ ಹಿಡಿಯಬೇಕು ಎಂಬುದು ಅಣ್ಣನ ಆಸ್ತಿ, ಅದನ್ನು ನಾನು ಬರೆದರೆ ಅವನು ನನ್ನನ್ನು ದೋಣಿಗೆ ಹತ್ತಿಸುವುದಿಲ್ಲ. ಅಘನಾಶಿನಿ ಊರಿನಲ್ಲಿ ಇಳಿದು, ಗುಡ್ಡ ಹತ್ತಿ ಇಳಿದರೆ ಕಿರುಬೇಲೆಯ ಮರಳು. ಕೊನೆಯ ಅರ್ಧ ಗಂಟೆಯನ್ನು ಕಾಲಿನಲ್ಲಿಯೇ ಮುಗಿಸಬೇಕು ಎಂಬುದು ನನ್ನ ಹಟ. ತದಡಿಯ ಧಕ್ಕೆಯಲ್ಲಿ ಇಳಿಸಿದರೆ ಜನ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಟೆಂಪೋ ಹುಡುಕುತ್ತಾರೆ.

ಹೊನ್ನಾವರದ ಕಡೆಯವರು ಇದನ್ನೇ ಶರಾವತಿಯಲ್ಲಿ ಮಾಡಬಹುದೇ ಎಂದು ಕೇಳುತ್ತಿದ್ದಾರೆ, ಕಾರವಾರದವರು ಕಾಳಿಯಲ್ಲಿ. ನನ್ನ ಲೆಕ್ಕ ಅಲ್ಲಿ ನಡೆಯಲಾರದು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಚಂದ್ರ ಹೇಳಿದಂತೆ ನೀರು ಕೇಳುತ್ತದೆ. ಗೇರುಸೊಪ್ಪೆಯಲ್ಲಿ, ಕದ್ರಾದಲ್ಲಿ ವಿದ್ಯುತ್ತಿಗಾಗಿ ನೀರು ಬಿಡುವ ಹೊತ್ತಿಗೆ ಪಂಚಾಂಗದಲ್ಲಿ ತಿಥಿ ಇಲ್ಲ. ಆದರೂ ಈ ಮಾಘದಲ್ಲಿ ಗೇರುಸೊಪ್ಪೆಯ ಕೆಳಗೆ ಬಣ್ಣದ ತೆಂಗಿನಕಾಯಿ ಬಿಡಬೇಕೆಂದಿದ್ದೇನೆ. ಅತ್ತೆಯ ಮಗ ಈ ಸಲ ದಿನಗೂಲಿ ಕೇಳಿದ್ದಾನೆ.